ಆ ಡಬ್ಬೀಲಿ ಹಿಟ್ಟು ಬತ್ತದಾ?

ಅವ್ವ ಬೆಂಗಳೂರಿಗೆ ಬಂದು ಮೂರು ವಾರ ಆಗಿತ್ತು. ಬಲ ಭುಜ ಹಿಡ್ಕೊಂಡುಬಿಟ್ಟಿತ್ತು. ಕೈ ತಲೆವರೆಗೂ ಎತ್ತೋಕಾಗ್ತಿರಲಿಲ್ಲ, ಜಡೆ ಹಾಕಿಸ್ಕೊಳ್ಳೋಕೂ ನನ್ನ ಹೆಂಡ್ತಿ ಬೇಕಾಗಿತ್ತು. ಡಾಕ್ಟರು ಫಿಸಿಯೋಥೆರಪಿ ಬರೆದುಕೊಟ್ಟು, "ಮುದ್ದೆ ತಿರುವೋದು ಆರು ತಿಂಗಳು ಬಂದ್" ಅಂದಿದ್ರು. ಊರಲ್ಲಿದ್ರೆ ಬಂದ್ ಆಗಲ್ಲ ಅಂತ ಗೊತ್ತಿದ್ದರಿಂದಲೇ ನಾನು ಕರ್ಕೊಂಡು ಬಂದಿದ್ದೆ.

ಒಂದು ಶನಿವಾರ ರಾತ್ರಿ ನಾನು ಲ್ಯಾಪ್‌ಟಾಪನ್ನ ಟಿವಿಗೆ ಹಾಕ್ಕೊಂಡು ಹಳೇ ಸ್ಟಾರ್ ಟ್ರೆಕ್ ನೋಡ್ತಾ ಕೂತಿದ್ದೆ. ಅವ್ವ ಪಕ್ಕದಲ್ಲಿ ಬೆಳ್ಳುಳ್ಳಿ ಬಿಡಿಸ್ತಾ ಇತ್ತು. ಕ್ಯಾಪ್ಟನ್ ಪಿಕಾರ್ಡ್ ಗೋಡೆಯಲ್ಲಿರೋ ಒಂದು ಗೂಡಿನ ಮುಂದೆ ನಿಂತು ಟೀ ಬೇಕು ಅಂದ. ಮಿಣಮಿಣ ಅಂತ ಬೆಳಕು ಬಂತು, ಗಾಜಿನ ಲೋಟದ ಸಮೇತ ಬಿಸಿ ಟೀ ಬಂತು.

"ಏನ್ಲಾ ಅದು?"

"ರೆಪ್ಲಿಕೇಟರ್ ಅಂತ ಅವ್ವ. ಏನು ಕೇಳಿದ್ರೂ ಮಾಡ್ಕೊಡುತ್ತೆ. ಒಲೆ ಇಲ್ಲ, ಸೌದೆ ಇಲ್ಲ, ಗ್ಯಾಸಿಲ್ಲ."

"ಪಾತ್ರೆ ತೊಳೆಯೋದು?"

"ತಿಂದಾದ್ಮೇಲೆ ಅದರೊಳಗೇ ವಾಪಸ್ ಇಟ್ರೆ ಕರಗಿ ಹೋಗುತ್ತೆ."

ಅವ್ವ ಬೆಳ್ಳುಳ್ಳಿ ಬಿಡಿಸೋದು ನಿಲ್ಲಿಸ್ತು. "ಆ ಡಬ್ಬೀಲಿ ಹಿಟ್ಟು ಬತ್ತದಾ?"

ನಮ್ಮ ನಾಗಮಂಗಲದ ಕಡೆ ಹಿಟ್ಟು ಅಂದ್ರೆ ರಾಗಿ ಮುದ್ದೆ. ಮಗನಾದವನು ಏನು ಹೇಳ್ಬೇಕೋ ಅದನ್ನೇ ಹೇಳ್ದೆ: "ಬರಬಹುದು ಅವ್ವ, ಆದ್ರೆ ನಿನ್ನ ಕೈರುಚಿ ಬರಲ್ಲ ಬಿಡು."

ಅವ್ವ ಖುಷಿ ಪಡುತ್ತೆ ಅಂದ್ಕೊಂಡಿದ್ದೆ. "ನನ್ ಕೈರುಚಿ ನಂಗೇನ್ ಗೊತ್ತು ಕನಪ್ಪ. ಅಂಗೇನಾದ್ರೂ ಬಂದ್ರೆ ಒಂದ್ ತಂದ್ ಮಡಗು" ಅಂತ ಹೇಳಿ ಮತ್ತೆ ಬೆಳ್ಳುಳ್ಳಿ ಕಡೆ ತಿರುಗಿತು.

ಆವತ್ತಿಂದ ಆ ಮಾತು ತಲೇಲಿ ಕೂತುಬಿಟ್ಟಿದೆ. ಮಷಿನ್ ಮಾಡಿದ ಊಟ ಮನೆ ಊಟಕ್ಕೆ ಸಮ ಆಗುತ್ತಾ ಅನ್ನೋ ಪ್ರಶ್ನೆಗೆ ನನ್ನ ಹತ್ರ ಉತ್ತರ ರೆಡಿ ಇತ್ತು, ನಿಮ್ಮ ಹತ್ರಾನೂ ಇರುತ್ತೆ. ಆದ್ರೆ ಉತ್ತರ ಕೊಡ್ತಾ ಇರೋರು ಯಾರು, ತಿನ್ನೋರಾ ಮಾಡೋರಾ ಅನ್ನೋದನ್ನ ನಾನು ಯಾವತ್ತೂ ಯೋಚನೆ ಮಾಡಿರಲಿಲ್ಲ.

ಮೊದಲು ನಾಲಿಗೆಯ ವಿಷಯ ಮುಗಿಸಿಬಿಡೋಣ. ನಾನು ಎಂಜಿನಿಯರು, ಅಲ್ಲಿಂದ ಶುರು ಮಾಡಿದ್ರೇ ನನಗೆ ಸಮಾಧಾನ.

ಸ್ಟಾರ್ ಟ್ರೆಕ್ ಶುರುವಾಗಿದ್ದು 1966ರಲ್ಲಿ. ಆಗಿನ ಹಡಗಿನಲ್ಲೂ ಊಟದ ಯಂತ್ರ ಇತ್ತು. 1987ರಲ್ಲಿ ಬಂದ 'ನೆಕ್ಸ್ಟ್ ಜನರೇಷನ್' ಸರಣಿಯಲ್ಲಿ ಅದು ರೆಪ್ಲಿಕೇಟರ್ ಆಯ್ತು. ಆ ಸರಣಿಗೆ ಕೆಲಸ ಮಾಡಿದ ರಿಕ್ ಸ್ಟರ್ನ್‌ಬ್ಯಾಕ್ ಮತ್ತು ಮೈಕಲ್ ಒಕುಡಾ 1991ರಲ್ಲಿ ಒಂದು ಟೆಕ್ನಿಕಲ್ ಮ್ಯಾನ್ಯುಯಲ್ಲನ್ನೇ ಬರೆದರು. ಇಲ್ಲದ ಹಡಗಿಗೆ ಮ್ಯಾನ್ಯುಯಲ್! ಅದರ ಪ್ರಕಾರ ಮನುಷ್ಯರನ್ನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸೋ ಟ್ರಾನ್ಸ್‌ಪೋರ್ಟರ್ ಅತ್ಯಂತ ಸೂಕ್ಷ್ಮ ಮಟ್ಟದಲ್ಲಿ, ಅಂದ್ರೆ ಕ್ವಾಂಟಮ್ ಮಟ್ಟದಲ್ಲಿ ಕೆಲಸ ಮಾಡುತ್ತೆ. ಊಟದ ರೆಪ್ಲಿಕೇಟರ್ ಅಷ್ಟು ಸೂಕ್ಷ್ಮ ಅಲ್ಲ, ಅಣುಗುಚ್ಛದ ಮಟ್ಟಕ್ಕೆ ನಿಲ್ಲುತ್ತೆ. ಯಾಕೆಂದ್ರೆ ಅಷ್ಟೊಂದು ಮಾಹಿತಿ ಇಟ್ಕೊಳ್ಳೋಕೆ ಜಾಗ ಸಾಲದು. ನಮ್ಮ ಭಾಷೇಲಿ ಹೇಳೋದಾದ್ರೆ ಎಂಪಿತ್ರೀ ಹಾಡಿದ್ದಂಗೆ. ಫೈಲ್ ಚಿಕ್ಕದು ಮಾಡೋಕೆ ಒಂದಿಷ್ಟು ಕಳ್ಕೊಂಡಿದೆ, ಸಾಮಾನ್ಯ ಕಿವಿಗೆ ಗೊತ್ತಾಗಲ್ಲ. ಕಳ್ಕೊಂಡಿರೋದು ನಮಗೆ ಗೊತ್ತಾಗುತ್ತೆ ಅಂತ ಹೇಳೋ ಪಾತ್ರಗಳು ಆ ಸರಣಿ ತುಂಬಾ ಇವೆ.

ಆದ್ರೆ ಇದು ಸ್ಟೋರೇಜಿನ ಸಮಸ್ಯೆ ಅಷ್ಟೆ. ನಾಳೆ ದೊಡ್ಡ ಡಿಸ್ಕ್ ಹಾಕಿದ್ರೆ ಬಗೆಹರಿಯುತ್ತೆ. ಅಣು ಅಣುವೂ ಅವ್ವನ ಬಸ್ಸಾರಿನ ಹಂಗೇ ಇರೋ ಬಸ್ಸಾರು ಬಂತು ಅಂತಿಟ್ಕೊಳ್ಳಿ, ಆಗ ನಾಲಿಗೆಗೆ ಏನು ವ್ಯತ್ಯಾಸ? ಏನೂ ಇಲ್ಲ. ಕಣ್ಣು ಕಟ್ಟಿ ಎರಡು ಬಟ್ಟಲು ಕೊಟ್ರೆ ನಾನು ಸೋಲ್ತೀನಿ. ಇದನ್ನ ಒಪ್ಪಿಕೊಳ್ಳದೆ ಮುಂದಕ್ಕೆ ಹೋಗೋದು ಮೋಸ.

ನಮ್ಮ ಟೀಮಿನಲ್ಲಿ ಊಟದ ಹೊತ್ತಲ್ಲಿ ಈ ವಿಷಯ ಎತ್ತಿದಾಗ ಒಬ್ಬ ಗೆಳೆಯ ಒಳ್ಳೇ ಪಾಯಿಂಟ್ ಹೇಳ್ದ. "ಮಷಿನ್‌ದು ಪ್ರತಿ ಸಲ ಒಂದೇ ಥರ ಇರುತ್ತೆ ಗುರೂ. ಮನೇದು ದಿನಾ ಬೇರೆ." ನಿಜ. ಅವರೆಕಾಳಿನ ಕಾಲದಲ್ಲಿ ಅವರೆಕಾಳು, ಮಳೆ ಬಿದ್ದ ವಾರ ಬೆರಕೆ ಸೊಪ್ಪು, ಏನೂ ಇಲ್ಲದ ದಿನ ಹುರುಳಿಕಾಳು. ಒಂದಿನ ಉಪ್ಪು ಮುಂದೆ, ಒಂದಿನ ಹುಳಿ ಹಿಂದೆ. ಆದ್ರೆ ಇದಕ್ಕೂ ಎರಡು ಸಾಲಿನ ಕೋಡ್ ಸಾಕು. ಉಪ್ಪು ನೂರಕ್ಕೆ ಐದು ಭಾಗ ಹೆಚ್ಚುಕಮ್ಮಿ ಆಗಲಿ ಅಂತ ಒಂದು ರ್‍ಯಾಂಡಮ್ ಫಂಕ್ಷನ್ ಬರೆದ್ರೆ ಆಯ್ತು. ಮಳೆಗಾಲಕ್ಕೆ ಸೊಪ್ಪು, ಚಳಿಗಾಲಕ್ಕೆ ಅವರೆ ಅಂತ ಕ್ಯಾಲೆಂಡರ್ ಜೋಡಿಸಿದ್ರೆ ಆಯ್ತು. ತಪ್ಪನ್ನೂ ನಕಲು ಮಾಡಬಹುದು.

ಇನ್ನೊಬ್ಬಳು ಅಂದ್ಲು, "ಪ್ರೀತಿ ಇರಲ್ಲ." ಎಲ್ಲರೂ ಹೂಂ ಅಂದ್ರು. ನನಗೆ ಮಾತ್ರ ಅಲ್ಲಿ ಸಿಕ್ಕಿಹಾಕ್ಕೊಂಡಂಗಾಯ್ತು. ಯಾಕೆಂದ್ರೆ ನಮ್ಮನೇಲಿ ಪ್ರೀತಿಯಿಂದ ಮಾಡಿದ ಅಡುಗೆಯಷ್ಟೇ ಸಿಟ್ಟಿನಿಂದ ಮಾಡಿದ ಅಡುಗೆಯನ್ನೂ ನಾನು ತಿಂದಿದ್ದೀನಿ. ಅಪ್ಪನ ಜೊತೆ ಜಗಳ ಆದ ದಿನ ಅವ್ವ ಪಾತ್ರೆ ಕುಕ್ಕೋ ಸದ್ದು ಬೀದಿಗೆ ಕೇಳಿಸೋದು. ಆವತ್ತಿನ ಮುದ್ದೇನೂ ನುಣ್ಣಗೇ ಇರೋದು, ಸಾರೂ ರುಚಿಯಾಗೇ ಇರೋದು. ಪ್ರೀತಿ ಅನ್ನೋದು ಮೆಣಸಿನಪುಡಿ ಥರ ಹಾಕೋ ಪದಾರ್ಥ ಆಗಿದ್ರೆ ಆ ದಿನಗಳಲ್ಲಿ ನನಗೆ ಗೊತ್ತಾಗ್ಬೇಕಿತ್ತು. ಗೊತ್ತಾಗಲಿಲ್ಲ. ನಾನು ತಿಂದು ಎದ್ದು ಗೋಲಿ ಆಡೋಕೆ ಹೋದೆ.

ಹಾಗಾದ್ರೆ ಉಳಿದಿದ್ದೇನು?

ಇದಕ್ಕೆ ನನಗೆ ಹತ್ತಿರದ ದಾರಿ ತೋರಿಸಿದ್ದು ಡಗ್ಲಸ್ ಆಡಮ್ಸ್‌ನ ಒಂದು ತಮಾಷೆ. ಅವನ 'ಹಿಚ್‌ಹೈಕರ್ಸ್ ಗೈಡ್' 1979ರಲ್ಲಿ ಬಂತು. ಅದರಲ್ಲೊಂದು ಪಾನೀಯದ ಯಂತ್ರ ಇದೆ. ನಿಮ್ಮ ನಾಲಿಗೆ ಪರೀಕ್ಷೆ ಮಾಡುತ್ತೆ, ಮೈಯೊಳಗೆ ಏನು ನಡೀತಿದೆ ನೋಡುತ್ತೆ, ಇಷ್ಟೆಲ್ಲ ಮಾಡಿ ಕೊನೆಗೆ ಯಾರು ಕೇಳಿದ್ರೂ ಟೀ ಅಂತ ಹೇಳೋಕೆ ಬಾರದ ಅದೇ ಒಂದು ದ್ರವ ಕೊಡುತ್ತೆ. 1980ರ ಎರಡನೇ ಪುಸ್ತಕದಲ್ಲಿ ಆರ್ಥರ್ ಡೆಂಟ್ ಅನ್ನೋ ಪಾಪದ ಮನುಷ್ಯ ಆ ಯಂತ್ರಕ್ಕೆ ಟೀ ಅಂದ್ರೆ ಏನು ಅಂತ ಕೂತು ವಿವರಿಸ್ತಾನೆ. ಒಣಗಿಸಿದ ಎಲೆ ಯಾಕೆ, ಅದನ್ನ ಬಿಸಿ ನೀರಿಗೆ ಹಾಕೋದ್ಯಾಕೆ, ಅದರ ಮೇಲೆ ಹಾಲು ಯಾಕೆ ಅನ್ನೋದು ಯಂತ್ರಕ್ಕೆ ಅರ್ಥ ಆಗಲ್ಲ. ಅರ್ಥ ಮಾಡ್ಕೊಳ್ಳೋಕೆ ಹಡಗಿನ ಇಡೀ ಕಂಪ್ಯೂಟರನ್ನ ಬಳಸಿಕೊಳ್ಳುತ್ತೆ. ಅದೇ ಹೊತ್ತಿಗೆ ಶತ್ರುಗಳು ದಾಳಿ ಮಾಡ್ತಾರೆ, ಹಡಗು ಅಲ್ಲಾಡಂಗಿಲ್ಲ, ಕಂಪ್ಯೂಟರು ಟೀ ಬಗ್ಗೆ ಯೋಚನೆ ಮಾಡ್ತಾ ಕೂತಿದೆ. ಸರ್ವರ್ ಹ್ಯಾಂಗ್ ಆಗಿ ರಾತ್ರಿ ಎರಡು ಗಂಟೆಗೆ ಎದ್ದು ಕೂತಿರೋ ಯಾರಿಗೇ ಆದ್ರೂ ಈ ದೃಶ್ಯ ಓದಿದ್ರೆ ನಗು ಬರುತ್ತೆ.

ನಕ್ಕಾದ್ಮೇಲೆ ಹೊಳೆದಿದ್ದು ಇದು. ಆ ಯಂತ್ರಗಳಿಗೆಲ್ಲ ನಾವು ಹೇಳ್ಬೇಕು. ಪಿಕಾರ್ಡ್ ಕೂಡ ದಿನಾ ಹೇಳ್ಬೇಕು, ಯಾವ ಟೀ, ಎಷ್ಟು ಬಿಸಿ ಅಂತ. ಮನೇಲಿ ನಾವು ಏನೂ ಹೇಳಿದ್ದೇ ಇಲ್ಲ. ಏಳನೇ ಕ್ಲಾಸಲ್ಲಿ ನಾನು ಫೇಲಾಗ್ತೀನಿ ಅಂತ ಹೆದರಿ ಎರಡು ದಿನ ಸರಿಯಾಗಿ ಉಣ್ಣದೆ ಇದ್ದಾಗ, ಮೂರನೇ ದಿನ ತಟ್ಟೆಗೆ ಹುಚ್ಚೆಳ್ಳು ಚಟ್ನಿ ಬಂದಿತ್ತು. ಯಾಕೆ ಅಂತ ಅವ್ವ ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಮುಖ ಯಾರೋ ನೋಡಿದ್ದಾರೆ ಅಂತ ಮಾತ್ರ ಗೊತ್ತಾಯ್ತು. ಮನೆ ಊಟದಲ್ಲಿ ನಾವು ರುಚಿ ಅಂತ ಕರೆಯೋದರಲ್ಲಿ ಒಂದು ಪಾಲು ಇದೇ ಇರಬೇಕು.

ಇನ್ನೊಂದು ಪಾಲು ಒಂದೇ ಪಾತ್ರೆಯದು. ಹಳ್ಳೀಲಿ ಅಣ್ಣತಮ್ಮಂದಿರು ಬೇರೆ ಆದ್ರು ಅನ್ನೋದಕ್ಕೆ ಒಲೆ ಬೇರೆ ಮಾಡ್ಕೊಂಡ್ರು ಅಂತಾರೆ. ಜಮೀನು ಪಾಲಾಗೋದು ಆಮೇಲೆ, ಮೊದಲು ಒಲೆ. ರೆಪ್ಲಿಕೇಟರ್ ಇರೋ ಮನೇಲಿ ಪ್ರತಿಯೊಬ್ಬರದ್ದೂ ಬೇರೆ ಒಲೆ. 1991ರ ಒಂದು ಕಂತಿನಲ್ಲಿ ಹಡಗಿನ ಓ'ಬ್ರಿಯನ್ ಮತ್ತು ಅವನ ಹೊಸ ಹೆಂಡ್ತಿ ಕೇಕೋ ತಿಂಡಿಗೆ ಕೂತಿರ್ತಾರೆ. ಅವಳು ತನ್ನ ಕಡೆಯ ಜಪಾನಿ ತಿಂಡಿ ಮುಂದಿಡ್ತಾಳೆ, ಇವನು ನಮ್ಮಮ್ಮ ನಿಜವಾದ ಮಾಂಸ ತಂದು ಬೇಯಿಸ್ತಿದ್ಲು ಅಂತಾನೆ. ಅವಳಿಗೆ ಅಸಹ್ಯ, ಆ ಮಾಂಸವನ್ನ ಕೈಯಲ್ಲಿ ಮುಟ್ಟಿ ಕತ್ತರಿಸ್ತಿದ್ರಾ ಅಂತ ಕೇಳ್ತಾಳೆ. ಬೇಕಾದ್ರೆ ಇಬ್ಬರೂ ತಮಗೆ ಬೇಕಾದ್ದನ್ನ ಒತ್ತಿ ತಗೋಬಹುದಿತ್ತು, ಆ ಮಾತೇ ಬರ್ತಿರಲಿಲ್ಲ. ಒಂದೇ ಊಟ ಉಣ್ಣೋ ಹಟ ಇರೋದರಿಂದ ಮಾತು ಬಂತು.

ಇಲ್ಲಿವರೆಗೂ ಬರೆದು, "ಆದ್ದರಿಂದ ಮಷಿನ್ ಊಟ ಮನೆ ಊಟಕ್ಕೆ ಸಮ ಆಗಲಾರದು" ಅಂತ ಮುಗಿಸಿದ್ರೆ ನಾಲ್ಕು ಜನ ಚೆನ್ನಾಗಿದೆ ಅಂತಿದ್ರು. ಆದ್ರೆ ಅವ್ವ ಕೇಳಿದ್ದು ಇದಲ್ವಲ್ಲ. ನನ್ನ ಕೈರುಚಿ ನನಗೇನು ಗೊತ್ತು ಅಂತು.

ಮುದ್ದೆ ಮಾಡೋದು ನೋಡಿದ್ದೀರಾ? ಎಸರು ಕುದಿಯೋಕೆ ಬಿಟ್ಟು, ರಾಗಿ ಹಿಟ್ಟನ್ನ ಮಧ್ಯಕ್ಕೆ ಗುಡ್ಡೆಯಾಗಿ ಸುರಿದು, ಕೋಲಿಂದ ಅದಕ್ಕೊಂದು ತೂತು ಮಾಡಿ, ಬೆಂದ ಮೇಲೆ ಪಾತ್ರೆ ಕೆಳಗಿಳಿಸಬೇಕು. ಕವೆಗೋಲಲ್ಲಿ ಪಾತ್ರೆ ಅಲ್ಲಾಡದಂಗೆ ಕಾಲಲ್ಲಿ ಒತ್ತಿ ಹಿಡಿದು, ಗಂಟು ಒಡೆಯೋವರೆಗೂ ಎರಡೂ ಕೈಯಲ್ಲಿ ತಿರುವಬೇಕು. ಆಮೇಲೆ ಕೈ ಒದ್ದೆ ಮಾಡ್ಕೊಂಡು ಸುಡೋ ಹಿಟ್ಟನ್ನ ಉಂಡೆ ಕಟ್ಟಬೇಕು. ಎಲ್ಲ ಸೇರಿ ಅರ್ಧ ಗಂಟೆ. ಮುದ್ದೆಯದ್ದು ಇನ್ನೊಂದು ತೊಂದ್ರೆ ಇದೆ, ಆರಿದ್ರೆ ಗಟ್ಟಿ. ಬೆಳಿಗ್ಗೆ ಮಾಡಿಟ್ಟು ಮಧ್ಯಾಹ್ನ ತಿನ್ನೋಂಗಿಲ್ಲ. ಅಂದ್ರೆ ಉಣ್ಣೋ ಹೊತ್ತಿಗೆ ಸರಿಯಾಗಿ ಒಬ್ಬರು ಒಲೆ ಮುಂದೆ ಇರಲೇಬೇಕು. ನಾಟಿ ದಿನ ಹನ್ನೆರಡು ಆಳು, ಮನೆಯವರು ಆರು ಜನ. ಎಲ್ಲರಿಗೂ ಬಿಸಿ ಬಿಸಿ ಬಡಿಸಿ ಕಡೇಲಿ ಕೂರೋಳು ಅವ್ವ. ಅಷ್ಟೊತ್ತಿಗೆ ಅವಳ ಮುದ್ದೆ ಆರಿರೋದು. ಹೊಗೆ, ಒಗ್ಗರಣೆ ವಾಸನೆ ಗಂಟೆಗಟ್ಟಲೆ ಮೂಗಿಗೆ ಹೊಡೆದು ಮೂಗೂ ಸತ್ತಿರೋದು. ಅಡುಗೆ ಮಾಡಿದವರಿಗೆ ಹಸಿವೇ ಇರಲ್ಲ ಅಂತಾರಲ್ಲ, ಅದು ಸುಮ್ನೆ ಮಾತಲ್ಲ. ಇಡೀ ಮನೆ ಮೂವತ್ತು ವರ್ಷ ಹೊಗಳಿದ ಆ ರುಚಿಯನ್ನ ಸರಿಯಾಗಿ ನೋಡದೆ ಇದ್ದವಳು ಅದನ್ನ ಮಾಡಿದವಳೇ.

ನಮ್ಮ ಪುರಾಣದ ರೆಪ್ಲಿಕೇಟರ್ ನೆನಪು ಮಾಡ್ಕೊಳ್ಳಿ, ಅಕ್ಷಯಪಾತ್ರೆ. ವನವಾಸದಲ್ಲಿ ಸೂರ್ಯ ಧರ್ಮರಾಯನಿಗೆ ಕೊಟ್ಟಿದ್ದು. ಎಷ್ಟು ಜನ ಬಂದ್ರೂ ಊಟ ಮುಗಿಯಲ್ಲ. ಆದ್ರೆ ಒಂದು ಷರತ್ತಿದೆ, ದ್ರೌಪದಿ ಉಂಡ ಮೇಲೆ ಆ ದಿನಕ್ಕೆ ಬಂದ್. ಚಿಕ್ಕವನಾಗಿದ್ದಾಗ ಈ ಕಥೇಲಿ ನನಗೆ ಕಾಣ್ತಿದ್ದಿದ್ದು ಶಿಷ್ಯರ ಸಮೇತ ಬಂದ ದೂರ್ವಾಸ, ಪಾತ್ರೆಯಲ್ಲಿ ಅಂಟಿದ್ದ ಚೂರು ತಿಂದು ಕಾಪಾಡಿದ ಕೃಷ್ಣ. ಈಗ ಷರತ್ತೇ ಕಾಣುತ್ತೆ. ಯಾವ ಮಿತಿಯೂ ಇಲ್ಲದ ಪಾತ್ರೆಯನ್ನ ಕಲ್ಪನೆ ಮಾಡ್ಕೊಂಡ್ರೂ, ಹೆಂಗಸು ಕೊನೇಲಿ ಉಣ್ಣೋದನ್ನ ಮಾತ್ರ ಬದಲಾಯಿಸೋಕೆ ನಮಗೆ ತೋಚಲಿಲ್ಲ. ಮಾಯದ ಪಾತ್ರೆಯ ಸ್ವಿಚ್ ಅವಳ ಹಸಿವು. ಅತಿಥಿ ಬರಬಹುದು ಅಂತ ಅವಳು ಕಾಯಬೇಕು.

ಸ್ಟಾರ್ ಟ್ರೆಕ್‌ನವರೂ ಇದನ್ನ ಮುಟ್ಟಿದ್ದಾರೆ ಅಂತ ನನಗೆ ಗೊತ್ತಾಗಿದ್ದು ತಡವಾಗಿ. 1990ರ 'ಫ್ಯಾಮಿಲಿ' ಅನ್ನೋ ಕಂತು. ಪಿಕಾರ್ಡ್ ಪೆಟ್ಟು ತಿಂದು ಸೋತು ಫ್ರಾನ್ಸಿನ ಲಾಬಾರ್ ಅನ್ನೋ ತನ್ನ ಹಳ್ಳಿಗೆ ಹೋಗ್ತಾನೆ. ಅಣ್ಣ ರಾಬರ್ಟ್ ಅಲ್ಲಿ ದ್ರಾಕ್ಷಿ ತೋಟ ನೋಡ್ಕೊಂಡಿದ್ದಾನೆ, ಅತ್ತಿಗೆ ಮರೀ ಅಡುಗೆ ಮಾಡ್ತಾಳೆ. ಆ ಮನೇಲಿ ರೆಪ್ಲಿಕೇಟರ್ ಇಲ್ಲ. ಊಟಕ್ಕೆ ಕೂತಾಗ ಮಾತು ಬರುತ್ತೆ. ಒಂದು ತರೋಣ ಅಂತ ಮರೀ ಎಷ್ಟೋ ಸಲ ಹೇಳಿದ್ದಾಳೆ, ರಾಬರ್ಟ್ ಬೇಡ ಅಂದಿದ್ದಾನೆ. ಪಿಕಾರ್ಡ್ ನಗ್ತಾ, ಅಪ್ಪ ಅಮ್ಮನ ಮಧ್ಯೆನೂ ಇದೇ ಚರ್ಚೆ ನಡೀತಿತ್ತು ಅಂತಾನೆ. ಬೆಲೆಬಾಳೋದನ್ನೆಲ್ಲ ಕಳ್ಕೊಳ್ಳೋ ಅಪಾಯ ಅಪ್ಪನಿಗೆ ಗೊತ್ತಿತ್ತು, ಬದುಕು ಈಗಾಗಲೇ ಬೇಕಾದ್ದಕ್ಕಿಂತ ಸಲೀಸಾಗಿದೆ ಅನ್ನೋದು ರಾಬರ್ಟ್‌ನ ವಾದ.

ಬಿಇ ಓದುವಾಗ ಹಾಸ್ಟೆಲಲ್ಲಿ ಈ ಕಂತು ಮೊದಲ ಸಲ ನೋಡಿದಾಗ ನಾನು ರಾಬರ್ಟ್ ಪಕ್ಷ. ಮೆಸ್ಸಿನ ಊಟ ತಿಂದ್ಕೊಂಡು ಊರು ನೆನೆಸ್ಕೊಳ್ತಿದ್ದ ಹುಡುಗ ಇನ್ನೇನು ಮಾಡ್ತಾನೆ? ಈಗ ನೋಡಿದ್ರೆ ಲೆಕ್ಕ ಸರಳ. ಎರಡು ತಲೆಮಾರು, ಎರಡರಲ್ಲೂ ಯಂತ್ರ ಬೇಕು ಅಂದವರು ಅಡುಗೆ ಮಾಡೋ ಹೆಂಗಸರು, ಬೇಡ ಅಂದವರು ಉಣ್ಣೋ ಗಂಡಸರು. ರಾಬರ್ಟ್ ತೋಟದಲ್ಲಿ ಬೆವರು ಸುರಿಸ್ತಾನೆ, ಅದು ಬೇರೆ. ಒಲೆ ಅವನದಲ್ಲ.

ನಮ್ಮೂರಿಗೂ ಲಾಬಾರಿಗೂ ಏನೂ ದೂರ ಇಲ್ಲ. ನಮ್ಮಜ್ಜಿ ಕೋಳಿ ಕೂಗೋಕೆ ಮುಂಚೆ ಎದ್ದು ಬೀಸೋ ಕಲ್ಲಲ್ಲಿ ರಾಗಿ ಬೀಸ್ತಿದ್ದಳಂತೆ. ಬೀಸುವಾಗ ಹೇಳ್ತಿದ್ದ ಪದಗಳನ್ನ ಜಾನಪದದವರು ಬರ್ಕೊಂಡು ಹೋಗಿ ಪುಸ್ತಕ ಮಾಡಿದ್ದಾರೆ, ಓದಿದ್ರೆ ಕಣ್ಣು ಒದ್ದೆ ಆಗುತ್ತೆ. ಊರಿಗೆ ರಾಗಿ ಮಿಲ್ಲು ಬಂದಾಗ ತಾತ ಮೊದಲು ತೆಗೆದ ತಕರಾರು, ಮಿಲ್ಲಲ್ಲಿ ಹಿಟ್ಟು ಬಿಸಿಯಾಗಿ ಸತ್ವ ಹೋಗುತ್ತೆ ಅಂತ. ಅಜ್ಜಿ ತಕರಾರು ಮಾಡಿದ್ದು ಯಾರಿಗೂ ನೆನಪಿಲ್ಲ. ಆಮೇಲೆ ಮಿಕ್ಸಿ ಬಂತು. ಒರಳುಕಲ್ಲಿನ ಖಾರದ ರುಚಿ ಇಲ್ಲ ಅಂದಿದ್ದು ಅಪ್ಪ. ಗ್ಯಾಸ್ ಬಂತು, ಸೌದೆ ಒಲೆ ಸಾರೇ ಬೇರೆ ಅಂದಿದ್ದು ಬೆಂಗಳೂರಿಂದ ಎರಡು ದಿನಕ್ಕೆ ಹೋಗಿದ್ದ ನಾನು. ಈಗಲೂ ನನ್ನ ಮಾತು ಸುಳ್ಳು ಅನ್ನಲ್ಲ. ರುಚಿ ಬೇರೆ ಇತ್ತು. ಅದರ ಬಿಲ್ಲು ಯಾರ ಕಣ್ಣಿಗೆ, ಯಾರ ಭುಜಕ್ಕೆ ಹೋಯ್ತು ಅಂತ ಮಾತ್ರ ನಾನು ನೋಡಿರಲಿಲ್ಲ.

ಬೆಂಗಳೂರಲ್ಲಿ ನಾವು ಈ ಪ್ರಶ್ನೆ ದಾಟಿಬಿಟ್ಟಿದ್ದೀವಿ ಅಂತಲೂ ಅಂದ್ಕೋಬೇಡಿ. ನಾನೂ ಹೆಂಡ್ತಿನೂ ಕೆಲಸಕ್ಕೆ ಹೋಗ್ತೀವಿ. ಬೆಳಿಗ್ಗೆ ಆರೂವರೆಗೆ ಅಡುಗೆಯವರು ಬರ್ತಾರೆ, ಎಂಟಕ್ಕೆ ಚಪಾತಿ ಪಲ್ಯ ಡಬ್ಬೀಲಿರುತ್ತೆ. ನಾವು ಕೇಳ್ತೀವಿ, ಬರುತ್ತೆ. ನಮ್ಮ ಅಪಾರ್ಟ್‌ಮೆಂಟಿನ ರೆಪ್ಲಿಕೇಟರ್‌ಗೆ ಮಂಡಿನೋವಿದೆ, ಎರಡು ಬಸ್ ಹತ್ತಿ ಬರುತ್ತೆ, ವಾಪಸ್ ಹೋಗಿ ಅದರ ಮನೆಯವರಿಗೂ ಬೇಯಿಸಿ ಹಾಕುತ್ತೆ. ಗೋಡೆಯ ಗೂಡಿನಿಂದ ಬಂದಂಗೆ ಕಾಣೋದು ನಮಗೆ ಮಾತ್ರ.

ನಿಜವಾದ ಮಷಿನ್ ಊಟದ ಬಗ್ಗೆಯೂ ಒಂದು ಮಾತು. ಮೈಸೂರಲ್ಲಿ ರಕ್ಷಣಾ ಇಲಾಖೆಯ ಆಹಾರ ಸಂಶೋಧನಾಲಯ ಇದೆ, ಡಿಎಫ್‌ಆರ್‌ಎಲ್ ಅಂತ, 1961ರಲ್ಲಿ ಶುರುವಾಗಿದ್ದು. ಗಡಿಯಲ್ಲಿರೋ ಸೈನಿಕರಿಗೆ ಕೆಡದೇ ಇರೋ ಪ್ಯಾಕೆಟ್ ಊಟ ಕಂಡುಹಿಡಿಯೋದು ಅವರ ಕೆಲಸ. 1984ರಲ್ಲಿ ರಾಕೇಶ್ ಶರ್ಮಾ ಅಂತರಿಕ್ಷಕ್ಕೆ ಹೋದಾಗ ಜೊತೆಗೆ ಹೋದ ನಮ್ಮ ದೇಶದ ತಿನಿಸು ತಯಾರಾಗಿದ್ದೂ ಅಲ್ಲೇ. ನಮ್ಮೂರಲ್ಲಿ ಮಿಲಿಟ್ರಿಯಿಂದ ರಿಟೈರ್ ಆಗಿ ಬಂದ ಒಬ್ಬರಿದ್ದಾರೆ, ಅಂಥ ಪ್ಯಾಕೆಟ್ಟು ಮನೆ ಊಟದಂಗೆ ಇತ್ತಾ ಅಂತ ಕೇಳಿದ್ದೆ. "ಆ ಚಳೀಲಿ ಬಿಸಿಯಾಗಿದ್ದದ್ದೆಲ್ಲ ಮನೆ ಊಟನೇ ಕಣಪ್ಪ" ಅಂದ್ರು. ಹೋಲಿಸಿ ನೋಡೋದು ಹೊಟ್ಟೆ ತುಂಬಿದವರ ಕೆಲಸ ಅಂತ ನನಗೆ ಅನ್ನಿಸ್ತು.

ಹಾಗಂತ ಮನೆ ಊಟ ಬರೀ ದುಡಿಮೆ, ಉಳಿದಿದ್ದೆಲ್ಲ ನಮ್ಮ ಭ್ರಮೆ ಅಂತ ಹೇಳೋಕೂ ನನಗೆ ಮನಸ್ಸಿಲ್ಲ. ಆ ಹುಚ್ಚೆಳ್ಳು ಚಟ್ನಿ ಭ್ರಮೆ ಅಲ್ಲ. ಎರಡನ್ನೂ ಒಟ್ಟಿಗೆ ಹೆಂಗೆ ಹಿಡ್ಕೊಳ್ಳೋದು?

ಸ್ಟಾರ್ ಟ್ರೆಕ್‌ನ ಇನ್ನೊಂದು ಸರಣಿ 'ಡೀಪ್ ಸ್ಪೇಸ್ ನೈನ್'ನಲ್ಲಿ ಕ್ಯಾಪ್ಟನ್ ಸಿಸ್ಕೋ ಇದ್ದಾನೆ. ಅವನ ಅಪ್ಪ ಜೋಸೆಫ್ ಸಿಸ್ಕೋ ನ್ಯೂ ಆರ್ಲಿಯನ್ಸಲ್ಲಿ ಹೋಟೆಲ್ ನಡೆಸ್ತಾನೆ. ಗೋಡೆ ಗೋಡೆಯಲ್ಲೂ ರೆಪ್ಲಿಕೇಟರ್ ಇರೋ ಕಾಲ, ಹಸಿವು ಅನ್ನೋದೇ ಭೂಮಿ ಮೇಲೆ ಇಲ್ಲ. ಆದ್ರೂ ಮುದುಕ ಕೈಯಾರೆ ಅಡುಗೆ ಮಾಡ್ತಾನೆ, ಜನ ಬಂದು ಉಣ್ತಾರೆ. ಮಗ ಇಡೀ ಬಾಹ್ಯಾಕಾಶ ನಿಲ್ದಾಣದ ಅಧಿಕಾರಿ, ಅವನೂ ಗೆಳೆಯರನ್ನ ಕರೆದು ಬೇಯಿಸಿ ಹಾಕ್ತಾನೆ. ಆ ಇಬ್ಬರು ಯಾಕೆ ಅಡುಗೆ ಮಾಡ್ತಾರೆ ಅಂತ ಯಾರಿಗೂ ಅನುಮಾನ ಬರಲ್ಲ. ಮಾಡಬೇಕು ಅನ್ಸುತ್ತೆ, ಮಾಡ್ತಾರೆ. ಬೇರೆ ಕಾರಣವೇ ಇಲ್ಲ.

ನಮ್ಮವ್ವ ಮೂವತ್ತು ವರ್ಷ ಮಾಡಿದ್ದು ಪ್ರೀತಿಯಿಂದಲೋ, ಬೇರೆ ದಾರಿ ಇಲ್ಲದೆಯೋ? ನನಗೆ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲದೆ ಇರಬಹುದು. ಬೇಡ ಅಂತ ಹೇಳೋಕಾಗದ ಕಡೆ ಬೇಕು ಅಂದಿದ್ದಕ್ಕೆ ಎಷ್ಟು ಬೆಲೆ ಅಂತ ಅಳೆಯೋದು ಹೆಂಗೆ? ಹುಚ್ಚೆಳ್ಳು ಚಟ್ನಿ ನನಗೆ ಇಷ್ಟು ವರ್ಷ ನೆನಪಿರೋದು ಬಹುಶಃ ಅದಕ್ಕೇ. ಅದು ಆವತ್ತು ಮಾಡಲೇಬೇಕಾದ್ದಾಗಿರಲಿಲ್ಲ. ದಿನದ ಮುದ್ದೆ ಸಾರಿನ ಮೇಲೆ ಅವಳಾಗೇ ಹಾಕಿದ್ದು.

ಹಾಗಾಗಿ ನನಗೀಗ ಪ್ರಶ್ನೆ ತಿರುಗಿ ನಿಂತಂಗೆ ಕಾಣುತ್ತೆ. ಯಂತ್ರ ಮನೆ ಊಟಕ್ಕೆ ಸಮ ಆಗುತ್ತಾ ಅಂತ ಕೇಳೋದಕ್ಕಿಂತ, ಯಂತ್ರ ಇಲ್ಲದ ಮನೇಲಿ ನಾವು ಪ್ರೀತಿ ಅಂತ ಕರೀತಿದ್ದಿದ್ದು ಎಷ್ಟರ ಮಟ್ಟಿಗೆ ಪ್ರೀತಿ ಅಂತ ಕೇಳ್ಕೋಬೇಕು. ಗೂಡೊಂದು ಗೋಡೆಯಲ್ಲಿ ಬಂದು ಕೂತ್ಮೇಲೂ ಯಾರಾದ್ರೂ ಎದ್ದು ಒಲೆ ಹಚ್ಚಿದ್ರೆ, ಆಗ ನೀವು ಆ ಊಟವನ್ನ ಕೈರುಚಿ ಅಂತ ಹೊಗಳಿ. ರುಚಿಯಲ್ಲಿ ಅದು ಗೂಡಿನ ಊಟದಷ್ಟೇ ಇರಬಹುದು, ಇನ್ನೂ ಕಮ್ಮಿನೇ ಇರಬಹುದು. ಪರವಾಗಿಲ್ಲ.

ಅನ್ನದ ಋಣ ಅಂತ ನಮ್ಮಲ್ಲಿ ಒಂದು ಮಾತಿದೆ. ರೆಪ್ಲಿಕೇಟರ್ ಊಟಕ್ಕೆ ಋಣ ಇಲ್ಲ, ತಿಂದು ತಟ್ಟೆ ವಾಪಸ್ ಇಟ್ರೆ ಲೆಕ್ಕ ಚುಕ್ತಾ. ಅವ್ವನ ಊಟಕ್ಕೆ ಇದೆ. ನಾವು ಆ ಋಣವನ್ನ ಹೊಗಳಿಕೆಯಲ್ಲಿ ತೀರಿಸೋಕೆ ನೋಡ್ತೀವಿ. ನಿನ್ನ ಕೈರುಚಿ ಯಾರಿಗೂ ಬರಲ್ಲ ಅಂದ್ಬಿಟ್ರೆ ನಾವು ಕೋಲು ಹಿಡಿಯೋದು ತಪ್ಪುತ್ತೆ ನೋಡಿ! ಸಾಲಗಾರ ಸಾಲ ಕೊಟ್ಟವನಿಗೆ ನಿಮ್ಮಂಥ ದೊಡ್ಡ ಮನುಷ್ಯರಿಲ್ಲ ಅಂತ ದಿನಾ ಕೈ ಮುಗಿದಂಗೆ. ಆವತ್ತು ಟಿವಿ ಮುಂದೆ ನಾನು ಮಾಡಿದ್ದೂ ಅಷ್ಟೆ.

ಮಾರನೇ ಭಾನುವಾರ ನಾನೇ ಮುದ್ದೆ ಮಾಡ್ತೀನಿ ಅಂದೆ. ಹೆಂಡ್ತಿ ಸೊಪ್ಪಿನ ಸಾರು ಮಾಡಿದ್ಲು. ಅವ್ವನಿಗೆ ಅಡುಗೆಮನೆ ಬಾಗಿಲಲ್ಲಿ ಸ್ಟೂಲು ಹಾಕಿ ಕೂರಿಸಿದ್ವಿ, ಅಲ್ಲಿಂದಲೇ ಡೈರೆಕ್ಷನ್. ಎಸರು ಜಾಸ್ತಿ ಆಯ್ತು ಅಂತು, ಉರಿ ಕಮ್ಮಿ ಮಾಡು ಅಂತು, ಅಂಗಲ್ಲ ಕನ್ಲಾ ಅಂತ ಎರಡು ಸಲ ಎದ್ದು ಬಂತು, ಎರಡು ಸಲಾನೂ ವಾಪಸ್ ಕೂರಿಸಿದ್ವಿ. ಐದು ನಿಮಿಷ ತಿರುವೋಷ್ಟರಲ್ಲಿ ನನ್ನ ತೋಳು ಬಿದ್ದುಹೋಯ್ತು. ಜಿಮ್ಮಿಗೆ ವರ್ಷಕ್ಕೆ ದುಡ್ಡು ಕಟ್ಟಿರೋ ತೋಳು. ಇದನ್ನ ದಿನಕ್ಕೆ ಎರಡು ಹೊತ್ತು, ಮೂವತ್ತು ವರ್ಷ ಅಂತ ಮನಸ್ಸಲ್ಲೇ ಗುಣಿಸೋಕೆ ಹೋಗಿ ಇಪ್ಪತ್ತು ಸಾವಿರ ದಾಟಿದಾಗ ನಿಲ್ಲಿಸಿದೆ.

ಮೊದಲ ಮುದ್ದೆ ಅವ್ವನಿಗೆ ಹಾಕಿದ್ವಿ. "ನೀವ್ ಕೂತ್ಕಳಿ ಮೊದ್ಲು" ಅಂತ ತಟ್ಟೆ ತಳ್ಳಿತು. ಆರೋಗುತ್ತೆ ಉಣ್ಣವ್ವ ಅಂತ ಇಬ್ಬರೂ ನಿಂತೇ ಇದ್ವಿ. ಕೊನೆಗೆ ಎಡಗೈಯಲ್ಲಿ ತಟ್ಟೆ ಹಿಡ್ಕೊಂಡು, ಒಂದು ತುತ್ತು ಮುರಿದು ಸಾರಲ್ಲಿ ಅದ್ದಿ ನುಂಗಿತು. ಇನ್ನೊಂದು ತುತ್ತು ನುಂಗಿತು. ನಾವು ಮುಖ ನೋಡ್ತಾ ಇದ್ವಿ.

"ಗಂಟು ಗಂಟಾಗದೆ" ಅಂತು. ತಟ್ಟೆ ಖಾಲಿಯಾದ್ಮೇಲೆ, "ಇನ್ನೊಂದರ್ಧ ಹಾಕು" ಅಂತು.

ರಾತ್ರಿ ಮತ್ತೆ ಲ್ಯಾಪ್‌ಟಾಪ್ ಹಾಕಿದೆ. ಪಿಕಾರ್ಡ್ ಗೂಡಿನ ಮುಂದೆ ಬಂದು ನಿಂತ.

"ಆ ಡಬ್ಬ ಯಾವಾಗ್ ಬತ್ತದೆ ಅಂದೆ?"

"ಕಥೆಯಲ್ಲಿ ಇಪ್ಪತ್ನಾಲ್ಕನೇ ಶತಮಾನ ಅವ್ವ. ಇನ್ನೂ ಮುನ್ನೂರು ಚಿಲ್ಲರೆ ವರ್ಷ ಇದೆ."

"ಅಲ್ಲೀಗಂಟ ನೀನೇ ತಿರುವು" ಅಂತ ಹೇಳಿ, ನೋವಿದ್ದ ಭುಜ ಮೇಲಾಗಿ ಮಲಗಿಕೊಂಡಿತು.